ಒಂದೇ ಮೋಡಕ್ಕೆ ಎರಡು ಕಣ್ಣು

ಸಂಜೆ ನಾಲ್ಕಕ್ಕೆ ರಾಡಾರ್ ಲಾರಿ ಹೊರಟುಬಿಡುತ್ತದೆ. ಕೊಳತ್ತೂರಿನ ಆಚೆ ಬಯಲಲ್ಲಿ ನಿಂತಿದ್ದ ಆ ಲಾರಿ ಎರವಲಿನದು. ಅಷ್ಟರೊಳಗೆ ಮೋಡಗಳ ಸಂಶೋಧಕಿ ಸರಿತಾ ಮೆಟ್ಟೂರು ಹಿನ್ನೀರು ದಾಟಬೇಕು, ಧರ್ಮಪುರಿ ಕಡೆಯ ಬೋಳುಗುಡ್ಡ ಹತ್ತಬೇಕು, ಅಲ್ಲಿ ಲಿಡಾರ್ ಯಂತ್ರ ಹೂಡಬೇಕು. ೧೯೯೬ರ ನವೆಂಬರ್. ಬೆಳಗಿನ ಏಳು ಗಂಟೆ.

ರಾಡಾರಿನ ಅಲೆಗೆ ದಪ್ಪ ಹನಿಯ ಮೋಡ ಸಿಗುತ್ತದೆ, ತೆಳು ಮೋಡ ತಪ್ಪಿಹೋಗುತ್ತದೆ. ಲಿಡಾರಿನ ಲೇಸರ್ ಬೆಳಕಿಗೆ ತೆಳು ಮೋಡವೂ ಸಿಗುತ್ತದೆ, ಆದರೆ ದಪ್ಪ ಮೋಡದ ಹೊಟ್ಟೆಯೊಳಗೆ ಅದು ಹೋಗಲಾರದು. ಎರಡೂ ಒಂದೇ ಮೋಡವನ್ನು ಒಂದೇ ಹೊತ್ತಿನಲ್ಲಿ ನೋಡಿದರೆ ಅದರ ಜಾತಿ ಗೊತ್ತಾಗುತ್ತದೆ. ಮೋಡಗಳನ್ನು ಹೀಗೆ ವಿಂಗಡಿಸುವ ಕ್ರಮವೊಂದನ್ನು ಸರಿತಾ ಮೂರು ವರ್ಷ ಕೂತು ಬರೆದಿದ್ದಳು. ಅದು ಸರಿ ಎಂದು ತೋರಿಸುವ ಜೋಡಿ ದಾಖಲೆ ಒಂದೂ ಅವಳಲ್ಲಿರಲಿಲ್ಲ. ರಾಡಾರ್ ಮತ್ತೆ ಸಿಗುವಂತಿರಲಿಲ್ಲ.

ಅಂಬಿಗ ದೊಡ್ಡಮುನಿಯಪ್ಪ ಲಿಡಾರಿನ ಪೆಟ್ಟಿಗೆಯನ್ನೂ ಜನರೇಟರನ್ನೂ ಹರಿಗೋಲಿನ ನಡುವೆ ಇಟ್ಟ. ದಾರಿ ತೋರಿಸಲು ಅವನ ನಾದಿನಿ ಚಿನ್ನತಾಯಿ ಹತ್ತಿದಳು. ಗುಡ್ಡದ ಮೇಲೆ ಅವಳ ದನದ ದೊಡ್ಡಿ ಇತ್ತು.

ನಡುನೀರಿಗೆ ಬರುತ್ತಲೇ ಬಡಗಣ ಗಾಳಿ ಎದ್ದಿತು. ಹರಿಗೋಲು ಬುಗುರಿಯಂತೆ ತಿರುಗಿತು. ಒಂದು ಅಲೆ ಒಳಗೆ ಬಿತ್ತು.

"ಮೇಡಮ್ಮಾ, ಏಳ್ಬೇಡಿ! ಪೆಟ್ಗೆ ತಬ್ಕಂಡು ಕೂತ್ಕಳಿ!"

"ಅಣ್ಣಾ, ಕನ್ನಡಿ ಐತೆ ಅದ್ರೊಳಗೆ!"

"ಇಲ್ಲಿ ನಾವೂ ಇದ್ದೀವಿ," ಎಂದಳು ಚಿನ್ನತಾಯಿ, ಚೊಂಬಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತ.

ದೊಡ್ಡಮುನಿಯಪ್ಪ ಮಂಡಿಯೂರಿ ಹುಟ್ಟು ಹಾಕಿದ. ಮುಕ್ಕಾಲು ಗಂಟೆಯಾದ ಮೇಲೆ ದಡ ಸಿಕ್ಕಿತು. ಪೆಟ್ಟಿಗೆಯ ಒಳಗೆ ನೀರು ಇಳಿದಿರಲಿಲ್ಲ.

ಅಲ್ಲಿಂದ ಏರು. ಒಣಗಿದ ಹಳ್ಳ, ಕಾರೆಮುಳ್ಳು, ಕಾಲಿಟ್ಟಲ್ಲಿ ಜಾರುವ ನೊರಜುಗಲ್ಲು. ಮೇಲಕ್ಕೆ ಹೋದಂತೆ ಹಿನ್ನೀರು ಚಪ್ಪಟೆಯಾಗಿ, ಹೊಲಗಳ ನಡುವೆ ಕೈಬೆರಳುಗಳಂತೆ ಚಾಚಿಕೊಂಡು ಕಾಣಿಸಿತು. ಮೋಡದ ಸಂದಿಯಿಂದ ಬಿಸಿಲು ಸುಡುತ್ತಿತ್ತು. ಹೆಂಗಸರಿಬ್ಬರೂ ಜನರೇಟರನ್ನು ಬಡಿಗೆಗೆ ಕಟ್ಟಿ ಹೊತ್ತು ಮುಂದೆ ಹೋದರು. ಲಿಡಾರ್ ಹೊತ್ತ ದೊಡ್ಡಮುನಿಯಪ್ಪ ಹಿಂದೆ ಬಂದ.

ಹನ್ನೊಂದೂವರೆಗೆ ಅವನು ಪೆಟ್ಟಿಗೆ ಇಳಿಸಿದ. ಅದರ ಸುತ್ತ ಒದ್ದೆ ಗೋಣಿ ಸುತ್ತಿತ್ತು. ನೀರು ತೊಟ್ಟಿಕ್ಕುತ್ತಿತ್ತು.

"ಇದನ್ನ ಯಾರು ನೆನೆಸಿದ್ದು?"

"ನಾನೇ. ದಾರೀಲಿ ಊಟೆ ನೀರು ಸಿಕ್ದಾಗೆಲ್ಲ ನೆನೆಸ್ದೆ, ಮೂರು ಸಲ. ಬಿಸ್ಲಿಗೆ ಗೋಣಿ ನೆನೆಸ್ದಿದ್ರೆ ಮೀನು ಕೆಟ್ಟೋಯ್ತದೆ. ಇದು ಮೀನಿಗಿಂತ ಸೂಕ್ಷ್ಮ ಅಂತ ನೀವೇ ಯೋಳಿದ್ರಲ್ಲ."

ಸರಿತಾ ಮುಚ್ಚಳ ತೆಗೆದಳು. ಕನ್ನಡಿಯ ಮೇಲೆ ಆವಿ ಕಟ್ಟಿತ್ತು. ವಿದ್ಯುತ್ ಹಲಗೆಯ ಮೇಲೆ ಸಣ್ಣ ಹನಿಗಳಿದ್ದವು. ಸ್ವಿಚ್ ಹಾಕಿದರೆ ಸುಟ್ಟುಹೋಗುತ್ತದೆ. ಅವಳು ಗಡಿಯಾರ ನೋಡಿದಳು.

"ಭಾವ, ಮೀನ್ಗೂ ಮಿಸಿನ್ಗೂ ಒಂದೇ ಗೋಣಿಯಾ?" ಎಂದಳು ಚಿನ್ನತಾಯಿ.

"ನಂಗೇನ್ ಗೊತ್ತು ಲೇ..."

"ಒಣಗಿಸೋಕೆ ಬೆಂಕಿ ಹಾಕಂಗಿಲ್ಲ. ಹೊಗೆ ಕನ್ನಡಿಗೆ ಹಿಡೀತದೆ," ಎಂದಳು ಸರಿತಾ.

"ಬೆಂಕಿ ದೊಡ್ಡೀಲಿ ಇರ್ಲಿ. ಕಾಲು ಉಳುಕಿದ್ರೆ ರಾಗಿ ಉರ್ದು ಗಂಟು ಕಟ್ಟಿ ಕಾವು ಕೊಡಾಕಿಲ್ವಾ? ಅಂಗೇ," ಎಂದಳು ಚಿನ್ನತಾಯಿ.

ಬಿಸಿ ಗಂಟಿಗೆ ಹೊಗೆಯಿಲ್ಲ; ಒಣಗಿದ ಕಾಳು ತೇವವನ್ನೂ ಎಳೆದುಕೊಳ್ಳುತ್ತದೆ. ಸರಿತಾ ತಲೆಯಾಡಿಸಿದಳು.

ಚಿನ್ನತಾಯಿ ದೊಡ್ಡಿಯ ಒಲೆಯಲ್ಲಿ ರಾಗಿ ಹುರಿದಳು. ದೊಡ್ಡಮುನಿಯಪ್ಪ ಗಂಟು ಹಿಡಿದು ಓಡಿದ. ಸರಿತಾ ಪೆಟ್ಟಿಗೆಯ ಮೂಲೆಗಳಲ್ಲಿ ಗಂಟು ಇಟ್ಟು ಮುಚ್ಚಿದಳು, ಆರಿದ್ದನ್ನು ತೆಗೆದು ವಾಪಸು ಕೊಟ್ಟಳು. ಒಂದು ಗಂಟೆಯಾಯಿತು. ಎರಡಾಯಿತು. ದೊಡ್ಡಮುನಿಯಪ್ಪನ ಹಿಮ್ಮಡಿ ಒಡೆದು ರಕ್ತ ಬಂತು. ಅವನು ನಿಲ್ಲಲಿಲ್ಲ.

ವಾಕಿಟಾಕಿ ಕರಕರ ಎಂದಿತು. ಕೆಳಗೆ ರಾಡಾರ್ ನೋಡಿಕೊಳ್ಳುತ್ತಿದ್ದ ಶಿವಲಿಂಗಂ.

"ಮೇಡಂ, ಎನ್ನ ಆಚ್ಚು, ಏನಾಯ್ತು? ಡ್ರೈವರ್ ಈಗ್ಲೇ ಹಗ್ಗ ಸುತ್ತಾ ಅವ್ನೆ."

"ರಾಗಿ ಹುರೀತಿದ್ದೀವಿ."

"ರಾಗಿಯಾ?"

ಎರಡೂ ಮುಕ್ಕಾಲಿಗೆ ಕನ್ನಡಿ ತಿಳಿಯಾಯಿತು. ಸರಿತಾ ಸ್ವಿಚ್ ಹಾಕಿದಳು. ಏನೂ ಸುಡಲಿಲ್ಲ.

ಕಣ್ಣಿಗೆ ಆಕಾಶ ಒಂದೇ ಬೂದು ಹೊದಿಕೆ. ಲಿಡಾರಿನ ಪರದೆಯಲ್ಲಿ ಎರಡು ಗೆರೆ ಮೂಡಿದವು. ಒಂದು ತಗ್ಗಿನಲ್ಲಿ. ಅದರ ಸಂದಿಯಿಂದ ಕಂಡ ಇನ್ನೊಂದು ಹತ್ತು ಕಿಲೋಮೀಟರ್ ಎತ್ತರದಲ್ಲಿ, ಕೂದಲಿನಷ್ಟು ತೆಳು.

"ಶಿವಲಿಂಗಂ, ಮೇಲಿನದು ಕಾಣ್ತದಾ?"

"ಒಣ್ಣುಮೇ ಇಲ್ಲೆ ಮೇಡಂ. ಕೆಳಗಿಂದು ಮಾತ್ರ ಐತೆ."

ಇಬ್ಬರೂ ಹೊತ್ತು ಬರೆದುಕೊಂಡರು. ಮೂರೂ ಇಪ್ಪತ್ತಕ್ಕೆ ಬಡಗಣದಿಂದ ಕಪ್ಪು ಮೋಡ ಬಂತು. ಈಗ ಲಿಡಾರ್ ಅದರ ಬುಡಕ್ಕೆ ತಗಲಿ ನಿಂತಿತು. ಅಲ್ಲಿಂದ ಎಂಟು ಕಿಲೋಮೀಟರಿನವರೆಗೆ ಒಳಗಿದ್ದುದನ್ನೆಲ್ಲ ರಾಡಾರ್ ಹೇಳಿತು. ಸರಿತಾ ಬೇಡಿದ್ದು ಅದೇ.

ಮೊದಲ ಹನಿ ಬಿದ್ದಾಗ ಮೂರೂ ಮೂವತ್ತೈದು. ಇನ್ನೈದು ನಿಮಿಷ ಸಿಕ್ಕಿದ್ದರೆ ಎನಿಸಿತು. ಅವಳು ಮುಚ್ಚಳ ಹಾಕಿದಳು.

ಜನರೇಟರ್ ದೊಡ್ಡಿಯಲ್ಲಿ ಬಿಟ್ಟು ಇಳಿಯುವಾಗ ಹಳ್ಳ ಕೆಂಪಗೆ ಹರಿಯುತ್ತಿತ್ತು. ಸೊಂಟಮಟ್ಟದ ನೀರಿನಲ್ಲಿ ಮೂವರೂ ಕೈ ಹಿಡಿದು, ಪೆಟ್ಟಿಗೆ ತಲೆಯ ಮೇಲಿಟ್ಟು ದಾಟಿದರು. ಗಾಳಿ ಇಳಿಯುವವರೆಗೆ ಬೋರಲು ಹಾಕಿದ ಹರಿಗೋಲಿನ ಕೆಳಗೆ ಕೂತರು.

ಕೊಳತ್ತೂರು ಸೇರಿದಾಗ ಲಾರಿ ಹೋಗಿತ್ತು. ಶಿವಲಿಂಗಂ ಟೀ ಅಂಗಡಿಯ ಬೆಂಚಿನ ಮೇಲೆ ರಾಡಾರಿನ ಕಾಗದ ಹರಡಿಕೊಂಡು ಕಾದಿದ್ದ.

"ಮೂರೂ ಇಪ್ಪತ್ತೆರಡು. ಬುಡ ಎಷ್ಟು?"

"ಸಮುದ್ರಮಟ್ಟದಿಂದ ಸಾವಿರದ ನೂರ ಎಂಬತ್ತು ಮೀಟರ್."

"ನಂದು ಸಾವಿರದ ಇನ್ನೂರ ನಲವತ್ತು. ಅರವತ್ತು ಹೆಚ್ಚು."

"ಅಷ್ಟು ಹತ್ತಿರ ಬಂದ್ರೆ ಸಾಕು, ಒಂದೇ ಮೋಡ," ಎಂದಳು ಸರಿತಾ. ಮೂರು ವರ್ಷದಿಂದ ಪೆನ್ಸಿಲಿನಲ್ಲೇ ಇದ್ದ ಮೋಡ ವಿಂಗಡಣೆಯ ಪಟ್ಟಿಯನ್ನು ಬಿಚ್ಚಿ, ಶಿವಲಿಂಗಂನ ಜೇಬಿನಿಂದ ಪೆನ್ನು ತೆಗೆದುಕೊಂಡು, ಮೊದಲ ಸಾಲಿನ ಅಕ್ಷರಗಳ ಮೇಲೆ ಶಾಯಿ ಎಳೆಯತೊಡಗಿದಳು.