ಖರೇ ಹೇಳ್ರಿ, ಫೋಟೋ ಹೆಂಗೈತಿ?

“ಇದು ನನ್ನ ಫೋಟೋ ಅಲ್ಲ!”

ಬೈಲಹೊಂಗಲದ ಬಸ್ ಸ್ಟ್ಯಾಂಡ್ ಎದುರಿನ ಸ್ಟುಡಿಯೋದಲ್ಲಿ ಕೃಷ್ಣವ್ವ ಫೋಟೋವನ್ನು ಮೇಜಿನ ಮೇಲೆ ಕುಕ್ಕಿದಳು. ನೇಸರಗಿ ಶಾಲೆಯ ಟೀಚರ್ ಆಕೆ. 1976ರ ಆ ದಿನಗಳಲ್ಲಿ ಊರ ಹೆಣ್ಣುಮಕ್ಕಳು ಫೋಟೋ ತೆಗೆಸಿಕೊಳ್ಳಲೂ ನಾಚುತ್ತಿದ್ದರು. ಈಕೆಯೋ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಹೊಲ, ಗುಡ್ಡ ಸುತ್ತಿ ತಾನೇ ಫೋಟೋ ತೆಗೆಯುವವಳು!

ಸ್ಟುಡಿಯೋ ಮಾಲೀಕ ನೀಲಪ್ಪ ನಕ್ಕ.

“ನಿಮ್ದ ಐತ್ರಿ ಅಕ್ಕೋರ. ಆಕಾಶ ಬರೇ ಬೋಳ ಇತ್ತು. ನೆಗೆಟಿವ್ ಮ್ಯಾಲೆ ಪೆನ್ಸಿಲ್ ಆಡಿಸಿ ನಾಕ ಮೋಡ ಕುಂದರಿಸೇನಿ. ಚಂದ ಆಗೇತಿಲ್ರಿ?”

ಮದುಮಗಳ ಮುಖದ ಮೊಡವೆ ಅಳಿಸಿ, ಮದುಮಗನಿಗೆ ಮೀಸೆ ತಿದ್ದಿ ರೂಢಿಯಾದ ಕೈ ಅದು. ಗಿರಾಕಿಗಳು ಹೊಗಳುತ್ತಿದ್ದುದೇ ಅದಕ್ಕೆ. ಈ ಹುಡುಗಿ ಮಾತ್ರ ಕೆಂಡವಾಗಿದ್ದಳು.

“ಉರಿಬಿಸಲಾಗ ನೇಸರಗಿ ಹೊಲದ ಮ್ಯಾಲೆ ಮೋಡ ಎಲ್ಲಿಂದ ಬರ್ತಾವ್ರಿ? ಆ ಬೋಳ ಆಕಾಶದ ಸಲುವಾಗೇ ನಾ ಬಿಸಲಾಗ ನಿಂತಿದ್ದೆ!”

ನೀಲಪ್ಪನ ನಗು ನಿಂತಿತು. ಒಳಗೆ ಹೋಗಿ ಹತ್ತಿಯಿಂದ ಪೆನ್ಸಿಲ್ ಗುರುತು ಒರೆಸಿ, ಹೊಸ ಪ್ರಿಂಟ್ ಹಾಕಿ ತಂದ. ಖಾಲಿ ಆಕಾಶದ ಕೆಳಗೆ ಬಿರುಕು ಬಿಟ್ಟ ಎರೆಹೊಲ... ನೋಡನೋಡುತ್ತ ಅವನಿಗೇ ಬಾಯಾರಿತು.

“ನಂದ ತಪ್ಪಾತ್ರಿ. ಐತವಾರ ಮಧ್ಯಾಹ್ನ ಇಲ್ಲೆ ಫೋಟೋ ಹುಚ್ಚಿನ ಮಂದಿ ಕೂಡತೇವಿ. ಒಬ್ಬರ ಫೋಟೋ ಇನ್ನೊಬ್ಬರು ನೋಡಿ, ಇದ್ದದ್ದು ಇದ್ದಂಗ ಹೇಳೂದು. ನೀವೂ ಬರ್ರಿ.”

ಅವಳು ಬಂದಳು. ಪ್ರತಿ ಭಾನುವಾರ ಬಂದಳು!

ಮೊದಮೊದಲು ನೀಲಪ್ಪ ಮುಲಾಜು ನೋಡುತ್ತಿರಲಿಲ್ಲ. “ಗಿಡ ನಟ್ಟನಡುವ ಪೊಲೀಸನಂಗ ನಿಂತೈತಿ. ಒಂಚೂರ ಸರಸ್ರಿ” ಎನ್ನುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿತ್ತು. ಮರುವಾರ ಗಿಡ ಸರಿದಿರುತ್ತಿತ್ತು. ಅವಳ ಚಿತ್ರಗಳು ಚಂದವಾಗುತ್ತಾ ಹೋದವು. ಭಾನುವಾರ ಬೆಳಗಾದರೆ ಅವಳ ಕೈ ತಾನಾಗಿಯೇ ಒಳ್ಳೆಯ ಸೀರೆ ಹುಡುಕುತ್ತಿತ್ತು.

‘ಇದೇನು ಹುಚ್ಚು ನನಗೆ?’ ಎಂದುಕೊಂಡರೂ ಬಸ್ಸು ತಪ್ಪಿಸಲಿಲ್ಲ.

ಆದರೆ... ಬರಬರುತ್ತಾ ನೀಲಪ್ಪನ ನಾಲಿಗೆ ಮೆತ್ತಗಾಯಿತು. ಏನು ತೋರಿಸಿದರೂ “ಛಲೋ ಐತ್ರಿ!”

ಒಂದು ವಾರ ಅವಳು ಅವನನ್ನು ಪರೀಕ್ಷಿಸಲೆಂದೇ ಸವದತ್ತಿ ಹತ್ತಿರದ ಹಿನ್ನೀರಿನ ಫೋಟೋ ಇಟ್ಟಳು. ಕ್ಯಾಮೆರಾ ವಾಲಿತ್ತು, ನೀರೂ ವಾಲಿತ್ತು.

“ಭಾಳ ಛಲೋ ಐತ್ರಿ!” ಎಂದ ನೀಲಪ್ಪ.

ಕೂಟದ ಹಿರಿಯ, ನಿವೃತ್ತ ಪೋಸ್ಟ್‌ಮಾಸ್ತರ ನಿಜಗುಣಪ್ಪ ಹೊಟ್ಟೆ ಹಿಡಿದು ನಕ್ಕರು. “ಏ ತಮ್ಮಾ, ನೀರ ಎಲ್ಲಾ ಚೆಲ್ಲಿ ಹೊಂಟೈತಲ್ಲೋ!”

ಎಲ್ಲರೂ ನಕ್ಕರು. ಕೃಷ್ಣವ್ವನ ಕಣ್ಣು ತುಂಬಿ ಬಂತು. ‘ಹೆಣ್ಣು ತಾನೇ, ಹೊಗಳಿ ಸಾಗಹಾಕಿದರಾಯಿತು ಅಂದುಕೊಂಡನಲ್ಲ!’ ಫೋಟೋ ಎತ್ತಿಕೊಂಡು ಹೊರಟವಳು ಮತ್ತೆ ಬರಲಿಲ್ಲ.

ಧಾರವಾಡದ ಫೋಟೋ ಪ್ರದರ್ಶನಕ್ಕೆ ಒಂದು ಚಿತ್ರ ಕಳಿಸುವುದಿತ್ತು. ಯಾವುದೆಂದು ಕೇಳಲು ಅವಳಿಗೆ ಈಗ ಯಾರೂ ಇರಲಿಲ್ಲ.

ಒಂದು ಸಂಜೆ ಶಾಲೆ ಬಿಟ್ಟಾಗ ನೇಸರಗಿ ಶಾಲೆಯ ಗೇಟಿನಲ್ಲಿ ನೀಲಪ್ಪ ನಿಂತಿದ್ದ!

“ಯಾಕ ಬರವಲ್ರಿ?”

“ಯಾಕ ಸುಳ್ಳ ಹೇಳಿದ್ರಿ?” ಎಂದಳು.

“ಬಿರುಸ ಮಾತಾಡಿದ್ರ ನೀವು ಬರೂದು ಬಿಟ್ಟೀರಿ ಅಂತ ಅಂಜಿದ್ನಿರಿ...”

“ಖರೇ ಹೇಳಿದಾಗ ಬಿಟ್ಟಿದ್ನೇನು? ಸುಳ್ಳಿಗೇ ಬಿಟ್ಟಿದ್ದು!”

ಅವಳು ಚೀಲದಿಂದ ಒಂದು ಫೋಟೋ ತೆಗೆದು ಅವನ ಮುಂದೆ ಹಿಡಿದಳು. ಬೆಟ್ಟ, ಸಂಜೆ ಬೆಳಕು, ಎಲ್ಲವೂ ಅಚ್ಚುಕಟ್ಟು. “ಧಾರವಾಡಕ್ಕ ಇದನ್ನ ಕಳಸಬೇಕಂತೇನಿ. ಹೇಳ್ರಿ, ಹೆಂಗೈತಿ?”

ನೀಲಪ್ಪ ಬಹಳ ಹೊತ್ತು ನೋಡಿದ. ಈ ಒಂದು ಮಾತಿಗೆ ಅವಳು ಶಾಶ್ವತವಾಗಿ ದೂರವಾಗಬಹುದು ಎಂಬುದು ಅವನಿಗೆ ಗೊತ್ತಿತ್ತು.

“ಕಳಸಬ್ಯಾಡ್ರಿ.”

“ಯಾಕ?”

“ತಪ್ಪೇನಿಲ್ಲ ಇದರಾಗ. ಆದ್ರ ನಮಗೆಲ್ಲಾ ಪಸಂದ ಬರ್ಲಿ ಅಂತ ತೆಗೆದೀರಿ. ನಿಮಗ ಬೇಕಂತ ತೆಗೆದಿಲ್ಲ.”

ಆ ಮಾತು ಅವಳ ಎದೆಗೆ ನಾಟಿತು. ನೋವೂ ಆಯಿತು... ಆದರೆ ಅದೆಂಥ ಸಮಾಧಾನ! ತನ್ನನ್ನು ಇಷ್ಟು ಸರಿಯಾಗಿ ನೋಡಿದವರು ಬೇರೆ ಯಾರೂ ಇರಲಿಲ್ಲ.

“ಇನ್ನೂ ಟೈಮ್ ಐತಿ. ಹೊಸಾದು ತೆಗೀತೇನಿ” ಎಂದಳು, ಕಣ್ಣೊರೆಸಿಕೊಂಡು.

“ಇನ್ನೊಂದ ಖರೇ ಮಾತೈತ್ರಿ...” ನೀಲಪ್ಪ ತಲೆ ತಗ್ಗಿಸಿದ. “ನಿಮ್ಮನ್ನ ಲಗ್ನ ಆಗಬೇಕಂತೇನಿ.”

ಕೃಷ್ಣವ್ವ ಫೋಟೋವನ್ನು ಚೀಲಕ್ಕೆ ಹಾಕಿಕೊಂಡಳು. ಅವಳ ತುಟಿಯ ತುದಿಯಲ್ಲಿ ತುಂಟ ನಗು.

“ಮಾತ ಛಲೋ ಐತಿ. ಆದ್ರ ನೆಲಾ ನೋಡ್ಕೋತ ಹೇಳೀರಿ. ನನ್ನ ನೋಡಿ ಇನ್ನೊಮ್ಮಿ ಹೇಳ್ರಿ.”

ಅವನು ತಲೆಯೆತ್ತಿದ. “ಕೃಷ್ಣಾ... ನನ್ನ ಲಗ್ನ ಆಗ್ತೀಯೇನು?”

“ಹೂಂ” ಎಂದಳು. “ಈಗ ತಿದ್ದೂದೇನೂ ಉಳದಿಲ್ಲ.”