ಫ್ರಿಜ್ಜಿನ ನಾಲ್ಕು ಡಿಗ್ರಿ

ಇದು ನಡೆದದ್ದು ಹಾಡುಹಗಲಲ್ಲಿ.

ಮಲಗಲು, ಅಡುಗೆ ಮಾಡಲು ಜಾಗವಿದ್ದ ನಮ್ಮ ವ್ಯಾನಿನಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಫ್ರಿಜ್ ಇತ್ತು. ಅಮ್ಮನ ಇನ್ಸುಲಿನ್ ಅದರಲ್ಲೇ ಇರುತ್ತಿತ್ತು. ಒಳಗೆ ಅವಳೇ ಥರ್ಮಾಮೀಟರ್ ಅಂಟಿಸಿದ್ದಳು. ಅದು ಸದಾ ನಾಲ್ಕು ಡಿಗ್ರಿ ತೋರಿಸಬೇಕು. ನಾನು ಬಾಗಿಲು ತೆರೆದರೆ ಸಾಕು, "ಮುಚ್ಚೋ, ಊರಿಗೆಲ್ಲ ತಂಪು ಹಂಚ್ತೀಯಾ?" ಎನ್ನುತ್ತಿದ್ದಳು.

ಕೊನೆಯ ಪ್ರವಾಸದಲ್ಲಿ ನಾನು ಫ್ಯಾನ್ ಆರಿಸಲು ಮರೆತೆ. ಬಿಸಿಲಲ್ಲಿ ನಿಂತ ವ್ಯಾನಿನಲ್ಲಿ ಬ್ಯಾಟರಿ ಪೂರ್ತಿ ಇಳಿದು, ಸಂಜೆಯ ಹೊತ್ತಿಗೆ ಔಷಧಿ ಕಾದುಹೋಗಿತ್ತು.

"ಅಪ್ಪನಿಗೆ ಹೇಳ್ಬೇಡ, ಬೈತಾರೆ. ಏನೂ ಆಗಲ್ಲ ಬಿಡು," ಎಂದು ಅಮ್ಮ ಅದನ್ನೇ ಚುಚ್ಚಿಕೊಳ್ಳುತ್ತಾ ಬಂದಳು. ಐದನೆಯ ದಿನ ತೀರಿಕೊಂಡಳು.

ಆರು ತಿಂಗಳ ಬಳಿಕ ವ್ಯಾನು ಮಾರುವುದೆಂದಾಯಿತು. ಬ್ಯಾಟರಿಯನ್ನು ನಾನೇ ಬಿಚ್ಚಿ ಅಂಗಡಿಗೆ ಕೊಟ್ಟುಬಂದೆ. ಮುಂದಿನ ವಾರ ಮಧ್ಯಾಹ್ನ ಒಳಗೆಲ್ಲ ಒರೆಸಲು ಹೋದಾಗ ಸೀಟು ಮುಟ್ಟಲಾಗದಷ್ಟು ಸುಡುತ್ತಿತ್ತು. ಫ್ರಿಜ್ಜಿನ ಕಡೆಯಿಂದ ಆ ಹಳೆಯ ಗುಂಯ್ ಸದ್ದು ಬರುತ್ತಿತ್ತು. ಬಾಗಿಲು ತೆರೆದೆ. ತಣ್ಣನೆಯ ಗಾಳಿ ಮೊಣಕೈವರೆಗೂ ಹರಿಯಿತು. ಥರ್ಮಾಮೀಟರಿನಲ್ಲಿ ನಾಲ್ಕು ಡಿಗ್ರಿ. ಎಷ್ಟು ಹೊತ್ತು ಹಾಗೇ ಕುಳಿತಿದ್ದೆನೋ ತಿಳಿಯದು.

ಕಿಟಕಿಯ ಹೊರಗಿನಿಂದ ಅಪ್ಪ ಮೆಲ್ಲಗೆ ಹೇಳಿದರು: "ಮುಚ್ಚು ಅಂತಿದ್ದಾಳಲ್ಲೋ, ಕೇಳಿಸ್ತಿಲ್ವಾ?"

ನಾನು ಮುಚ್ಚಿದೆ.

"ಅವನನ್ನ ಬೈಬೇಡಿ ಅಂತಾನೂ ಹೇಳ್ತಿದ್ದಾಳೆ. ಅಂಥದ್ದೇನು ಮಾಡಿದ್ದೀಯೋ?"

ನಾನು ಇನ್ನೂ ಹೇಳಿಲ್ಲ. ವ್ಯಾನನ್ನೂ ಮಾರಿಲ್ಲ. ಬ್ಯಾಟರಿಯಿಲ್ಲದ ಆ ಫ್ರಿಜ್ಜಿನಲ್ಲಿ ಇವತ್ತು ಬೆಳಿಗ್ಗೆಯೂ ನಾಲ್ಕೇ ಡಿಗ್ರಿ ಇತ್ತು.