ಮೊಲವೆಂಬ ಸವತಿ

“ಏಳಮ್ಮ ಆದಿಲಕ್ಷ್ಮಿ... ಇನ್ಮೇಲೆ ನೀನು ಮಣೆ ಮೇಲೆ ಕೂತ್ಕಳೋದು ಬ್ಯಾಡ.”

ಮಾವ ನರಸಿಂಹಪ್ಪನವರ ಈ ಮಾತು ಆದಿಲಕ್ಷ್ಮಮ್ಮನಿಗೆ ಮೊದಲು ತಲೆಗೇ ಹೋಗಲಿಲ್ಲ. ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲ ತುದಿಗೆ ಗಂಟು ಕಟ್ಟಿ, ಹಣೆಗೆ ಕಾಸಗಲ ಕುಂಕುಮವಿಟ್ಟು, ಪೂರ್ವಕ್ಕೆ ಮುಖ ಮಾಡಿ ಹಲಸಿನ ಮಣೆಯ ಮೇಲೆ ಕೂತಿದ್ದಳು. ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿಯುವುದೊಂದೇ ಬಾಕಿ. ಹನ್ನೆರಡು ವರ್ಷಗಳಿಂದ ಪ್ರತಿ ಅಮಾವಾಸ್ಯೆಯ ಮಾರನೆಯ ಬೆಳಗ್ಗೆ ನಡೆದುಕೊಂಡು ಬಂದದ್ದು ಹೀಗೆಯೇ. ಇವತ್ತು ಏಳು ಅನ್ನುತ್ತಾರಲ್ಲ! ತಿರುಗಿ ನೋಡಿದಳು. ಬಾಗಿಲಲ್ಲಿ ಓರಗಿತ್ತಿ ಶ್ಯಾಮಲಮ್ಮ ಬಿದಿರು ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿಯೊಳಗಿಂದ ಎರಡು ಉದ್ದನೆಯ ಬಿಳಿಯ ಕಿವಿಗಳು ಮೇಲೆದ್ದವು.

ಐವತ್ತೊಂಬತ್ತನೇ ಇಸವಿಯ ಮಾತು ಇದು. ಕೆಂಚಾರ್ಲಹಳ್ಳಿಯ ನರಸಿಂಹಪ್ಪನವರ ಮನೆಯ ಕಣ್ಣಿನ ಮದ್ದು ಎಂದರೆ ಸುತ್ತಲ ಸೀಮೆಗೆಲ್ಲ ಗೊತ್ತು. ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ, ಅತ್ತ ಪೆರೇಸಂದ್ರದಿಂದ ಜನ ಗಾಡಿ ಕಟ್ಟಿಕೊಂಡು ಬರುವರು. ಕಣ್ಣು ಕೆಂಪಾದವರು, ಪೊರೆ ಬಂದವರು, ರೇಷ್ಮೆಗೂಡು ಬೇಯಿಸುವ ಒಲೆಯ ಹೊಗೆ ಕುಡಿದವರು. ಮನೆ ಆಲಂಬಗಿರಿ ವೆಂಕಟರಮಣಸ್ವಾಮಿಯ ಒಕ್ಕಲು. ಸ್ವಾಮಿಯ ಹೆಸರಲ್ಲಿ ಹಾಕುವ ಮದ್ದಿಗೆ ಪ್ರತಿಯಾಗಿ ಎಲೆ ಅಡಿಕೆ ಬಿಟ್ಟು ಬೇರೇನೂ ಮುಟ್ಟಬಾರದು. ನಂದಿಬಟ್ಟಲ ಹೂವಿನ ರಸ, ಜೇನು, ಜೊತೆಗೆ ನರಸಿಂಹಪ್ಪನವರೊಬ್ಬರಿಗೇ ಗೊತ್ತಿದ್ದ ಒಂದು ಬೇರು. ಬೆಳೆದ ನೆಲಕ್ಕೆ ತಕ್ಕಂತೆ ಆ ಬೇರಿನ ಖಾರ ಒಂದೊಂದು ಸಲ ಒಂದೊಂದು ಥರ. ಅದಕ್ಕೇ ಮದ್ದಿನ ಮೊದಲ ಹನಿ ಹಿರಿ ಸೊಸೆಯ ಕಣ್ಣಿಗೆ ಬೀಳಬೇಕು. ಅವಳು ಕಣ್ಣು ಬಿಟ್ಟು “ತಂಪು” ಎಂದ ಮೇಲೆಯೇ ಮಿಕ್ಕವರಿಗೆ. ಮೂವತ್ತು ವರ್ಷ ಆ ಮಣೆಯ ಮೇಲೆ ಅತ್ತೆ ಓಬಳಮ್ಮ ಕೂತಿದ್ದರು. ಅವರ ಕಣ್ಣು ಮಂಜಾಗಿ, ಆಮೇಲೆ ಪೂರ್ತಿಯೇ ಹೋಯಿತು. ವಯಸ್ಸಾಯಿತಲ್ಲ ಎಂದರು ಎಲ್ಲರೂ. ಮಣೆ ಆದಿಲಕ್ಷ್ಮಮ್ಮನಿಗೆ ಬಂತು.

ಅದೊಂದೇ ಅವಳ ಒಡವೆ! ತೌರಿನಿಂದ ಅವಳು ತಂದದ್ದು ಎರಡು ಸೀರೆ, ಒಂದು ಹಿತ್ತಾಳೆ ಚೊಂಬು. ಆದರೆ ಆ ಒಂದು ಬೆಳಗ್ಗೆ, ಜಗಲಿ ತುಂಬ ಕೂತ ಜನವೆಲ್ಲ ಅವಳ ಒಂದು ಮಾತಿಗಾಗಿ ಉಸಿರು ಹಿಡಿದು ಕಾಯುತ್ತಿತ್ತು. ಮುದುಕಿಯರು ಕೂಡ ಅವಳಿಗೆ ಕೈ ಮುಗಿಯುತ್ತಿದ್ದರು.

ಆ ಮಣೆಯ ಮೇಲೆ ಈಗ ಮೊಲ!

“ಬೆಂಗಳೂರಲ್ಲಿ ಔಷಧಿ ಮಾಡೋ ಕಡೆ ಹೀಗೇನೇ ಅತ್ತಿಗೆ,” ಎಂದ ಮೈದುನ ಚನ್ನಕೇಶವ. ಅವನು ಚಿಂತಾಮಣಿಯಲ್ಲಿ ಮೇಷ್ಟ್ರು. “ಶ್ಯಾಮಲನ ಅಣ್ಣ ಅಲ್ಲೇ ಕೆಲಸಕ್ಕಿರೋದು. ಮೊದಲು ಮೊಲದ ಕಣ್ಣಿಗೆ ಹಾಕಿ ನೋಡ್ತಾರಂತೆ. ಮುಖಕ್ಕೆ ಹಚ್ಕೊಳ್ಳೋ ಸ್ನೋನೂ ಹಾಗೇ ಅಂತೆ.”

“ಸ್ನೋನಾ? ಮೊಲ ಯಾವ ಮದುವೆಗೆ ಹೋಗ್ತದಪ್ಪಾ?” ಎಂದರು ಮೂಲೆಯಲ್ಲಿ ಕೂತಿದ್ದ ಓಬಳಮ್ಮ. ಎಲ್ಲರೂ ನಕ್ಕರು. ಆದಿಲಕ್ಷ್ಮಮ್ಮ ನಗಲಿಲ್ಲ.

ಶ್ಯಾಮಲಮ್ಮ ಗೌರಿಬಿದನೂರಿನವಳು. ಎಸ್ಸೆಸ್ಸೆಲ್ಸಿ ಪಾಸು. ಮನೆಗೆ ಬಂದು ವರ್ಷವೂ ತುಂಬಿರಲಿಲ್ಲ, ಆಗಲೇ ಮಾವನಿಗೆ ಪೇಪರು ಓದಿ ಹೇಳಲು ಅವಳೇ ಬೇಕು, ಅತ್ತೆಯ ತಲೆ ಬಾಚಲು ಅವಳೇ ಬೇಕು. ಅದನ್ನಾದರೂ ಆದಿಲಕ್ಷ್ಮಮ್ಮ ಸಹಿಸಿಯಾಳು. ಆದರೆ ತಾನು ಆರಿಸಿಟ್ಟ ಅಕ್ಕಿಯ ಮೊರವನ್ನು ಅವಳು ಮತ್ತೆ ಎತ್ತಿಕೊಂಡು ಹೋಗಿ, ಮರೆಯಲ್ಲಿ ಕೂತು, ಇನ್ನೊಂದು ಸಲ ಆರಿಸುವುದೆಂದರೇನು! ತಾನು ಬಾಗಿಲಿಗೆ ಬಿಟ್ಟ ರಂಗೋಲಿಯ ಪಕ್ಕ ಬಗ್ಗಿ, ಎಳೆ ತಿದ್ದುವುದೆಂದರೇನು! ಹಳ್ಳಿ ಗುಗ್ಗುವಿಗೆ ಏನೂ ಬಾರದು ಎಂದು ಊರಿಗೆಲ್ಲ ಸಾರುವ ಹಾಗೆ! ನೋಡಿದಾಗಲೆಲ್ಲ ಆದಿಲಕ್ಷ್ಮಮ್ಮನ ಹೊಟ್ಟೆಯೊಳಗೆ ಸೌದೆ ಒಲೆ ಹೊತ್ತಿದಂತಾಗುತ್ತಿತ್ತು. ಎಲ್ಲ ಕಿತ್ತುಕೊಂಡಳು, ಕೊನೆಗೆ ಮಣೆಯನ್ನೂ ಒಂದು ಪ್ರಾಣಿಗೆ ಕೊಟ್ಟಳು...

“ಏನಮ್ಮಾ ಆದಿಲಕ್ಷ್ಮಮ್ಮ, ನಿನ್ನ ಕೆಲ್ಸ ಮೊಲಕ್ಕೆ ಕೊಟ್ರಂತೆ?” ಎಂದು ಮದ್ದಿಗೆ ಬಂದಿದ್ದ ಪೆರೇಸಂದ್ರದ ಮುನಿಗಂಗಮ್ಮ ಜಗಲಿಯ ಮೇಲಿಂದಲೇ ಕೂಗಿದಳು. “ಪಾಪ, ಸೊಪ್ಪು ತಿನ್ಕಂಡು ಬಿದ್ದಿರ್ತದೆ. ನಿನ್ನಂಗೆ ಎಲೆ ಅಡಿಕೆ ಕೇಳಲ್ಲ ಬಿಡು!”

ಆ ನಗು ಮೂರು ತಿಂಗಳು ಅವಳ ಕಿವಿಯಲ್ಲೇ ಉಳಿಯಿತು. ಹಿತ್ತಲಲ್ಲಿ ಸೊಪ್ಪು ಮೆಲ್ಲುತ್ತಿದ್ದ ಮೊಲವನ್ನು ಅವಳು ಯಾರಿಗೂ ಕೇಳದಂತೆ ಕರೆಯುತ್ತಿದ್ದ ಹೆಸರು ಒಂದೇ: “ಸವತಿ”. “ತಿನ್ನೇ ಸವತಿ, ತಿನ್ನು. ನಂದೆಲ್ಲಾ ತಿಂದಾಯ್ತಲ್ಲ!”

ಶ್ರಾವಣದ ಅಮಾವಾಸ್ಯೆ ಕಳೆದ ಬೆಳಗ್ಗೆ ಅದು ನಡೆದುಹೋಯಿತು. ದೇವರ ಮನೆಯಲ್ಲಿ ಮದ್ದು ತುಂಬಿದ ಕಂಚಿನ ಬಟ್ಟಲಿತ್ತು. ಪಕ್ಕದಲ್ಲಿ ಮೊಲಕ್ಕೆಂದು ತೆಗೆದಿಟ್ಟ ಪುಟ್ಟ ಗಿಂಡಿ. ಶ್ಯಾಮಲಮ್ಮ ಸ್ನಾನಕ್ಕೆ ಹೋಗಿದ್ದಳು. ಆದಿಲಕ್ಷ್ಮಮ್ಮ ಎಲೆಗೆ ಸುಣ್ಣ ಹಚ್ಚುತ್ತ ಅಲ್ಲೇ ನಿಂತಿದ್ದಳು. ಬೆರಳ ತುದಿಯಲ್ಲಿ ಸುಣ್ಣವಿತ್ತು. ಮೊಲದ ಕಣ್ಣು ಒಂದಿಷ್ಟು ಊದಲಿ, ನೀರು ಸುರಿಯಲಿ. ಕಿರಿಯವಳ ಕೈ ತಾಗಿ ಮದ್ದು ಕೆಟ್ಟಿತೆಂದು ಜನ ಅನ್ನಲಿ. ಅಷ್ಟೇ ಸಾಕು. ಇನ್ನೇನೂ ಬೇಡ... ಗೋಡೆಯ ಮೇಲಿನ ಪಟದಲ್ಲಿ ವೆಂಕಟರಮಣಸ್ವಾಮಿ ನೋಡುತ್ತಲೇ ಇದ್ದ. ಅವಳು ಸ್ವಾಮಿಗೆ ಬೆನ್ನು ತಿರುಗಿಸಿ ಬೆರಳನ್ನು ಗಿಂಡಿಯಲ್ಲಿ ಅದ್ದಿದಳು.

ಮೊಲ ಕಿರುಚಲಿಲ್ಲ. ಅದೇ ಅವಳಿಗೆ ಮೊದಲು ಸೋಜಿಗವಾದದ್ದು. ಶ್ಯಾಮಲಮ್ಮ ಗರಿಕೆಯ ತುದಿಯಿಂದ ಅದರ ಒಂದು ಕಣ್ಣಿಗೆ ಹನಿ ಬಿಟ್ಟಳು. ಮೊಲದ ಮೈಯೆಲ್ಲ ಒಮ್ಮೆ ಬಿಗಿಯಿತು. ಮುಂಗಾಲೆತ್ತಿ ಕಣ್ಣು ಉಜ್ಜಿತು, ಮತ್ತೆ ಉಜ್ಜಿತು, ಉಜ್ಜುತ್ತಲೇ ಹೋಯಿತು. ನೀರೆರೆದು ತೊಳೆದರೂ ಬಿಡಲಿಲ್ಲ. ಗಳಿಗೆ ಕಳೆಯುವಷ್ಟರಲ್ಲಿ, ದಾಳಿಂಬೆ ಕಾಳಿನಂತಿದ್ದ ಆ ಕಣ್ಣು ಬೇಯಿಸಿದ ಮೊಟ್ಟೆಯಂತೆ ಬೆಳ್ಳಗಾಯಿತು!

“ಅಯ್ಯೋ ದೇವುಡಾ!” ಎಂದಳು ಬಾಗಿಲಲ್ಲಿ ಇಣುಕಿದ ಮುನಿಗಂಗಮ್ಮ. ಜಗಲಿಯ ತುಂಬ ಗುಜುಗುಜು ಎದ್ದಿತು.

ನರಸಿಂಹಪ್ಪನವರ ಮುಖ ಕಪ್ಪಿಟ್ಟಿತು. ಅರವತ್ತು ವರ್ಷದ ಮನೆಯ ಹೆಸರು ಜಗಲಿಯ ಮೇಲೆ ಕೂತು ನೋಡುತ್ತಿತ್ತು. “ಏನು ಮಾಡ್ದೆಯಮ್ಮಾ ಶ್ಯಾಮಲಾ? ಮಡಿಯಲ್ಲಿ ಮುಟ್ಟಿದ್ಯೋ ಇಲ್ವೋ? ನನ್ನ ಮದ್ದು ಯಾವತ್ತೂ ಹಿಂಗಾಗಿಲ್ಲ! ನಾಳೇನೇ ರೈಲು ಹತ್ತಿ ನಿಮ್ಮೂರಿಗೆ ನಡಿ. ಈ ಮೊಲಾನೂ ತಗೊಂಡು ನಡಿ!”

“ಮಾವ, ನಾನು ಮಡಿಯಲ್ಲೇ...”

“ಸಾಕು! ಮೂಕ ಪ್ರಾಣಿ ಕಣ್ಣು ನಂಬ್ಕಂಡಿದ್ದು ನನ್ನ ತಪ್ಪು. ಮದ್ದು ಸರಿ ಐತೋ ಇಲ್ಲವೋ ಈಗಲೇ ಗೊತ್ತಾಗ್ಲಿ, ಇದೇ ಗಿಂಡೀಲಿ, ಎಲ್ಲರ ಎದುರಿಗೆ. ಆದಿಲಕ್ಷ್ಮಿ! ಬಾರಮ್ಮ, ಮಣೆ ಮೇಲೆ ಕೂತ್ಕೋ.”

ಅವಳು ಬೇಡಿಕೊಂಡಿದ್ದ ಮಾತೇ ಅದು! ಆದರೆ ಆ ಗಿಂಡಿಯಲ್ಲ. ದೊಡ್ಡ ಬಟ್ಟಲಿನ ಮದ್ದೇ ಆಗಲಿ ಮಾವ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಶ್ಯಾಮಲಮ್ಮ ನಡುವೆ ನುಗ್ಗಿ, ಗಿಂಡಿಯನ್ನು ಕೈಗೆ ತೆಗೆದುಕೊಂಡು, ತಾನೇ ಮಣೆಯ ಮೇಲೆ ಕೂತುಬಿಟ್ಟಳು.

“ಅಕ್ಕನ ಕಣ್ಣಿಗೆ ಬೇಡ ಮಾವ! ದಮ್ಮಯ್ಯ ಅಂತೀನಿ... ಬೇಕಾದ್ರೆ ನನ್ನ ಕಣ್ಣಿಗೆ ಹಾಕ್ಕೋತೀನಿ. ಅಕ್ಕನಿಗೆ ಬೇಡ!”

ಕೂತೇಬಿಟ್ಟಳು! ಕೊನೆಗೂ ನನ್ನ ಮಣೆಯ ಮೇಲೆ ತಾನೇ ಕೂತಳು! ಆದಿಲಕ್ಷ್ಮಮ್ಮನ ಒಳಗಿನ ಒಲೆ ಭಗ್ಗೆಂದಿತು. ಶ್ಯಾಮಲಮ್ಮ ತಲೆ ಹಿಂದಕ್ಕೆ ಬಾಗಿಸಿದಳು. ಎಡಗೈಯಿಂದ ರೆಪ್ಪೆ ಬಿಡಿಸಿದಳು. ಗರಿಕೆಯ ತುದಿಯಲ್ಲಿ ಹನಿ ಕೂಡಿಕೊಳ್ಳತೊಡಗಿತು. ಒಂದು ಉಸಿರಿನಷ್ಟು ಹೊತ್ತು... ಹೇಳಲು ನಾಚಿಕೆಯಾಗುವ ಮಾತು, ಆದರೂ ಮುಚ್ಚಿಡಬಾರದು... ಒಂದು ಉಸಿರಿನಷ್ಟು ಹೊತ್ತು ಆದಿಲಕ್ಷ್ಮಮ್ಮ ಸುಮ್ಮನೇ ನೋಡುತ್ತ ನಿಂತಳು. ಬೀಳಲಿ ಎಂದಿತು ಮನಸ್ಸು.

ಆಗ ಬುಟ್ಟಿಯೊಳಗಿನ ಮೊಲ ಅವಳ ಕಡೆಗೆ ಕತ್ತು ಹೊರಳಿಸಿತು. ಆ ಬಿಳಿಯ ಕಣ್ಣು! ಯಾರ ಮೇಲೂ ದೂರು ಹೇಳಲು ಬಾರದ ಆ ಮುಖ!

“ಬ್ಯಾಡ ಕಣೇ!” ಎಂದು ಚೀರಿ ಅವಳು ಶ್ಯಾಮಲಮ್ಮನ ಕೈಗೆ ಹೊಡೆದಳು. ಗಿಂಡಿ ಗೋಡೆಗೆ ಬಡಿದು ಉರುಳಿತು. “ಬ್ಯಾಡ... ಅದರಲ್ಲಿ ಸುಣ್ಣ ಐತೆ! ನಾನೇ ಹಾಕ್ದೆ... ಈ ಪಾಪಿ ಕೈಯಿಂದ ನಾನೇ ಹಾಕ್ದೆ!”

ಅವಳ ಗಂಡ ವೆಂಕಟರವಣಪ್ಪ ಕಂಬ ಹಿಡಿದು ನಿಂತಿದ್ದವನು ಹಾಗೇ ಕೆಳಗೆ ಕೂತ.

“ಹೊಡೀರಿ ಮಾವ, ನನ್ನನ್ನ ಮನೆ ಬಿಟ್ಟು ಓಡ್ಸಿ. ಇವಳು ಬಂದ ದಿವಸದಿಂದ ಹೊಟ್ಟೆ ಉರೀತಿತ್ತು. ಎಲ್ಲಾ ಕಿತ್ಕಂಡ್ಳು. ನನ್ನ ಅಕ್ಕಿ ಮತ್ತೆ ಆರಿಸ್ತಾಳೆ, ರಂಗೋಲಿ ತಿದ್ತಾಳೆ. ಇದ್ದಿದ್ದೊಂದು ಮಣೆ... ಅದೂ...”

ಶ್ಯಾಮಲಮ್ಮ ಅವಳ ಮುಂದೆ ಬಂದು ಬೆರಳುಗಳನ್ನು ಎತ್ತಿ ಹಿಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, “ಅಕ್ಕ, ಬಲಗಣ್ಣು ಮುಚ್ಚಿ. ನಾನು ಎತ್ತಿರೋದು ಎಷ್ಟು ಬೆರಳು ಹೇಳಿ,” ಎಂದಳು.

ಆದಿಲಕ್ಷ್ಮಮ್ಮ ಬಲಗಣ್ಣು ಮುಚ್ಚಿದಳು. ಮಂಜು... ಹಾಲಿನಂಥ ಮಂಜು. ಅದರೊಳಗೆ ಏನೋ ಒಂದು ಅಲ್ಲಾಡಿದಂತಾಯಿತು, ಅಷ್ಟೇ.

“ನೀವು ಅಕ್ಕಿ ಆರಿಸಿದ್ರೆ ಎಡಗಡೆ ಕಲ್ಲೆಲ್ಲ ಹಾಗೇ ಉಳೀತಿತ್ತು ಅಕ್ಕ. ರಂಗೋಲೀಲಿ ಎಡಗಡೆ ಎಳೆಗಳು ಕೂಡ್ತಿರಲಿಲ್ಲ. ಮಾವ ಊಟದಲ್ಲಿ ಕಲ್ಲು ಸಿಕ್ಕಿ ನಿಮ್ಮನ್ನ ಬೈದಾರು ಅಂತ ನಾನು ಮರೇಲಿ ಕೂತು ಆರಿಸ್ತಿದ್ದೆ. ಮೊಲ ತಂದಿದ್ದೂ ಅದಕ್ಕೇ. ನಿಮಗೆ ಇನ್ನೂ ಒಂದು ಕಣ್ಣಿದೆಯಲ್ಲ, ಅದಾದ್ರೂ ಉಳೀಲಿ ಅಂತ... ನೇರವಾಗಿ ಹೇಳಿದ್ರೆ ಮಾವನ ಮದ್ದಿಗೆ ಹೆಸರಿಟ್ಟ ಹಾಗಾಗ್ತಿತ್ತು. ಧೈರ್ಯ ಬರಲಿಲ್ಲ.” ಅವಳು ಬುಟ್ಟಿಯತ್ತ ನೋಡಿ ಬಿಕ್ಕಿದಳು. “ಆದ್ರೆ ನಾನೂ ಒಳ್ಳೇದು ಮಾಡಲಿಲ್ಲ ಅಕ್ಕ. ನಿಮ್ಮ ಕಣ್ಣು ಉಳಿಸೋಕೆ ಇದರ ಕಣ್ಣನ್ನ ಮುಂದಿಟ್ಟೆ. ಇದನ್ನ ಯಾರು ಕೇಳಿದ್ರು?”

ಆದಿಲಕ್ಷ್ಮಮ್ಮ ಬುಟ್ಟಿಯ ಮುಂದೆ ಕುಸಿದಳು. “ಉರಿ ಅನ್ನೋಕೆ ನನಗೆ ಬಾಯಿತ್ತು, ನಾನು ಹೇಳ್ಲಿಲ್ಲ... ಬಾಯಿಲ್ಲದ್ದು ಏನಂತ ಹೇಳೀತು!”

“ಉರಿ?” ನರಸಿಂಹಪ್ಪ ಬೆಚ್ಚಿದರು. “ಸುಣ್ಣ ಇವತ್ತು ಹಾಕಿದ್ದಲ್ವೇನಮ್ಮ? ಮದ್ದು ತಂಪಲ್ವಾ? ನೀನೇ ಹೇಳ್ತಿದ್ದೆಯಲ್ಲ!”

ಮೂಲೆಯಿಂದ ಉತ್ತರ ಬಂತು. “ನಾನೂ ತಂಪು ಅಂದೆ,” ಎಂದರು ಓಬಳಮ್ಮ. “ನಮ್ಮತ್ತೆನೂ ಅಂಗೇ ಅಂದಿದ್ಳು. ಜಗಲಿ ತುಂಬ ಜನ ಕಾಯ್ತಿದ್ರೆ ಬ್ಯಾರೆ ಏನಂತಾರೆ? ಆ ಮಣೆ ಬಿಡೋಕೆ ಯಾರಿಗೂ ಮನಸಾಗಲ್ಲ.”

ನರಸಿಂಹಪ್ಪನವರು ಕುರುಡಿ ಹೆಂಡತಿಯ ಮುಖವನ್ನು ನೋಡಿದರು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ನೋಡಿದಂತೆ ನೋಡಿದರು. ಮದ್ದು ಅರೆಯುವವನ ಕಣ್ಣು ಚುರುಕಾಗಿರಬೇಕು, ಬೇರು ಗುರುತು ಹಿಡಿಯಬೇಕು ಎಂದು ಅವರಪ್ಪ ಹೇಳಿಕೊಟ್ಟಿದ್ದ. ಆದ್ದರಿಂದ ಅವರ ಕಣ್ಣಿಗೆ ತಮ್ಮದೇ ಮದ್ದಿನ ಒಂದು ಹನಿಯೂ ಬಿದ್ದಿರಲಿಲ್ಲ. ಅವರು ಹೆಗಲ ಮೇಲಿನ ಟವೆಲ್ಲು ತೆಗೆದರು. ಬಂದು ಹಲಸಿನ ಮಣೆಯ ಮೇಲೆ ಕೂತರು.

“ಕಂಚಿನ ಬಟ್ಟಲು ತನ್ನಿ. ಓಬಳಿ... ಬಾ, ನೀನೇ ಹಾಕು.”

ಆದಿಲಕ್ಷ್ಮಮ್ಮ ಅತ್ತೆಯನ್ನು ಕೈ ಹಿಡಿದು ಕರೆತಂದಳು. ಶ್ಯಾಮಲಮ್ಮ ಗರಿಕೆ ಕೊಟ್ಟಳು. ಓಬಳಮ್ಮ ಬೆರಳಿನಿಂದ ಗಂಡನ ಹಣೆ, ಹುಬ್ಬು, ರೆಪ್ಪೆ ತಡವಿ, “ಗೋವಿಂದ” ಎಂದು ಹನಿ ಬಿಟ್ಟರು.

ನರಸಿಂಹಪ್ಪನವರ ಎರಡೂ ಕೈ ಮಣೆಯ ಅಂಚನ್ನು ಬಿಗಿಯಾಗಿ ಹಿಡಿದವು. ಕತ್ತಿನ ನರ ಉಬ್ಬಿತು. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯಿತು.

“ಉರೀತೈತೆ ಓಬಳಿ...”

“ಹೂಂ.”

“ಎಲ್ಲಾ ಸಲಾನೂ ಹಿಂಗೇನಾ?”

“ಕೆಲವು ಸಲ ಇದಕ್ಕಿಂತ ಹೆಚ್ಚು,” ಎಂದರು ಓಬಳಮ್ಮ, ಉಪ್ಪು ಖಾರದ ಮಾತು ಆಡುವಷ್ಟು ಸಹಜವಾಗಿ.

ನರಸಿಂಹಪ್ಪನವರು ಎದ್ದು, ಉರಿಯುವ ಕಣ್ಣಿನಲ್ಲೇ ಜಗಲಿಗೆ ಹೋಗಿ ಜನಕ್ಕೆ ಕೈ ಮುಗಿದರು. “ಚಿಂತಾಮಣಿ ಆಸ್ಪತ್ರೆಗೆ ಹೋಗ್ರಪ್ಪಾ. ನಮ್ಮ ಗಾಡೀನೂ ಕಟ್ಟಿಸ್ತೀನಿ. ಇನ್ನು ಈ ಮನೇಲಿ ಮದ್ದಿಲ್ಲ.” ಎಷ್ಟು ಜನಕ್ಕೆ ಗುಣವಾಗಿತ್ತೋ, ಎಷ್ಟು ಜನ ತಂಪು ಎಂದು ಹೇಳಿ ಹೋಗಿದ್ದರೋ ಸ್ವಾಮಿಯೇ ಬಲ್ಲ. ಅಂದಿನಿಂದ ಹಿತ್ತಲ ನಂದಿಬಟ್ಟಲು ದೇವರ ಪಟಕ್ಕೆ ಮಾತ್ರ ಏರಿತು.

ಮೊಲ ಗೌರಿಬಿದನೂರಿಗೆ ಹೋಗಲಿಲ್ಲ, ಶ್ಯಾಮಲಮ್ಮನೂ ಹೋಗಲಿಲ್ಲ. ಕಾರ್ತೀಕದ ಒಂದು ಬೆಳಗ್ಗೆ ಆದಿಲಕ್ಷ್ಮಮ್ಮ ಹಿತ್ತಲಲ್ಲಿ ಅಕ್ಕಿ ಆರಿಸಲು ಕೂತಳು. ಶ್ಯಾಮಲಮ್ಮ ಬಂದು ಮಾತಿಲ್ಲದೆ ಮೊರವನ್ನು ಅವಳ ಬಲಕ್ಕೆ ಸರಿಸಿ, ತಾನು ಎಡಕ್ಕೆ ಕೂತಳು. ಆದಿಲಕ್ಷ್ಮಮ್ಮ ಮಡಿಲಿನಿಂದ ದಂಟಿನ ಸೊಪ್ಪು ತೆಗೆದು, ಮೊಲಕ್ಕೆ ಕಾಣುವ ಕಡೆಯಲ್ಲಿ ಹಿಡಿದಳು.

“ಬಾರೇ ಸವತಿ.”

ಮೊಲ ಮೂಗು ಅರಳಿಸಿತು, ಸೊಪ್ಪಿನತ್ತ ಎರಡು ಹೆಜ್ಜೆ ಇಟ್ಟಿತು. ಆಮೇಲೆ ಏನೆನ್ನಿಸಿತೋ, ಹೊರಳಿ ಶ್ಯಾಮಲಮ್ಮನ ಮಡಿಲಿಗೆ ಹಾರಿತು. ಆದಿಲಕ್ಷ್ಮಮ್ಮನ ಹೊಟ್ಟೆಯೊಳಗೆ ಹಳೆಯ ಒಲೆ ಚುರ್ ಎಂದಿತು.

“ನೋಡಿದ್ಯಾ ಬುದ್ಧೀನ! ಸೊಪ್ಪು ನಂದು, ಮಡಿಲು ಇವಳದು!” ಎಂದು ಬೈದು, ಸೊಪ್ಪು ಹಿಡಿದ ಕೈಯನ್ನು ಅಲ್ಲಿಗೇ ಚಾಚಿದಳು.